ಗೆದ್ದಾಂವಗ ಐದು ಹೆಣ್ತೇರು, ಉಳಿದವ್ರ ಗತಿ?

ಪ್ರಶ್ನೆ: ನಾ ಒಂದು ನಾವೆಲ್ ಬರಿಯಾಕತ್ತೀನ್ರಿ, ಗುಡ್ಡದಾಗಿರೋ ಒಂದು ಕಾಲ್ಪನಿಕ ಬುಡಕಟ್ಟಿಂದು. ವರ್ಷಕ್ಕೊಮ್ಮೆ ಕುಸ್ತಿ, ಗೆದ್ದಾಂವ ನಾಯಕ, ಅವಂಗ ಐದು ಹೆಣ್ತೇರು, ಎರಡನೇದಾಂವಗ ಮೂರು. ತೋಳದ ಹಿಂಡಿನಾಗ ಆಲ್ಫಾ, ಅಂದ್ರ ಹೊಡದಾಡಿ ಗೆದ್ದು ಹಿಂಡು ಆಳೋ ತೋಳ, ಇರತೈತಲ್ರಿ, ಅದ ಲಾಜಿಕ್. ಗೆಳ್ಯಾರು ನಂಬಾಕ ಆಗಂಗಿಲ್ಲ ಅಂತಾರ. ನೀವೇನಂತೀರಿ?
– ಒಬ್ಬ ಓದುಗ, ಜಮಖಂಡಿ

ಉತ್ತರ: ಮೊದ್ಲ ಆ ತೋಳ ಬಿಡ್ರಿ. 1947ರಾಗ ರುಡಾಲ್ಫ್ ಶೆಂಕೆಲ್ ಅನ್ನಾಂವ ಝೂದಾಗ ಕೂಡಿಹಾಕಿದ ತೋಳ ನೋಡಿ ಬರದದ್ದರಿಂದ ಹುಟ್ಟಿದ ಕಥಿ ಅದು, 1970ರಾಗ ಡೇವಿಡ್ ಮೆಕ್ ತನ್ನ ಪುಸ್ತಕದಾಗ ಬರದ ಮ್ಯಾಲ ಎಲ್ಲಾ ಕಡೆ ಹಬ್ಬಿತು, ಆಮ್ಯಾಲ ಅಡವ್ಯಾಗಿನ ತೋಳ ನೋಡಿ ಅದ ಮೆಕ್ 1999ರಾಗ ಹೇಳಿದ, ಹಿಂಡು ಅಂದ್ರ ಅಪ್ಪ ಅವ್ವ ಮರಿ ಇರೋ ಒಂದು ಮನಿತನ ಅಷ್ಟ ಅಂತ.

ಈಗ ಲೆಕ್ಕಕ್ಕ ಬರ್ರಿ. ಗಂಡು ಹೆಣ್ಣು ಸಮ ಹುಟ್ಟತಾವಂದ್ರ ನಿಮ್ಮ ಇಬ್ರು ಪೈಲ್ವಾನರ ಸಲುವಾಗಿ ಆರು ಮಂದಿಗೆ ಹೆಣ್ಣಿಲ್ಲ. ಅವ್ರೂ ಅದ ಗರಡ್ಯಾಗ ಸಾಮು ಮಾಡಿದ ಹರೇದ ಹುಡುಗ್ರು, ಸುಮ್ನ ಕುಂದರತಾರೇನ್ರಿ? ಬಾಜೂ ಊರಿನ ದನ ಹೊಡಕೊಂಡ ಬರತಾರ, ಹೆಣ್ಣು ಎತ್ತಿ ಹಾಕ್ಕೊಂಡ ಬರತಾರ, ಇಲ್ಲಾ ನಾಯಕನ್ನ ಮಲಗಿದಲ್ಲೇ ಮುಗಸ್ತಾರ. ನನ್ನ ಕೇಳಿದ್ರ ನಿಮ್ಮ ನಾವೆಲ್ ಇಲ್ಲಿಂದ ಚಾಲೂ ಆಗಬೇಕಿತ್ತು, ಕುಸ್ತಿಯಿಂದಲ್ಲ.

ಭಾಳ ಹೆಣ್ತೇರನ್ನ ಮಾಡ್ಕೊಳಾಕ ಬಿಡೋ ಸಮಾಜದಾಗೂ ಬಹಳಷ್ಟು ಗಂಡಸ್ರಿಗೆ ಒಬ್ಬಾಕಿನ. ಪೂರ್ವ ಆಫ್ರಿಕಾದ ಮಸಾಯಿ ಮಂದ್ಯಾಗ ಹೆಚ್ಚು ಹೆಣ್ತೇರು ಇರೂದು ದನ ಕೂಡಿಸಿದ ವಯಸ್ಸಾದವ್ರಿಗೆ, ತಾಕತ್ತಿನ ಹುಡುಗ್ರು ವರ್ಷಗಟ್ಲೆ ಕಾಯ್ತಾರ. ನಮ್ಮ ಕಡೆನೂ ಹಿಂದ ಎಷ್ಟೋ ಜಾತ್ಯಾಗ ಹೆಣ್ಣಿಗೆ ತೆರ ಕೊಡಬೇಕಿತ್ತಲ್ರಿ, ತೆರ ಹುಟ್ಟಿಸಾಕ ತೋಳಿನ ಬಲ ಎಲ್ಲಿ ಸಾಲತೈತಿ. ನೀಲಗಿರಿಯ ತೋಡರಂತೂ ಪೂರಾ ಉಲ್ಟಾ, ಅಣ್ಣತಮ್ಮಂದಿರು ಸೇರಿ ಒಬ್ಬಾಕಿನ್ನ ಮಾಡ್ಕೊಂತಿದ್ರು, ಬಸುರಿಗೆ ಬಿಲ್ಲು ಬಾಣ ಕೊಡೋ ಶಾಸ್ತ್ರ ಮಾಡಿದಾಂವನ ಕೂಸಿನ ಅಪ್ಪ.

ಇನ್ನೊಂದು, ಆ ಎಂಟೂ ಹೆಣ್ತೇರು ಏನಂತಾರ ಅಂತ ನಿಮ್ಮ ಪತ್ರದಾಗ ಒಂದು ಸಾಲೂ ಇಲ್ಲ! ಕಾಳಿನ ಕೋಣಿ ಕೀಲಿ ಯಾರ ಕಡೆ? ಹಿರೇ ಹೆಣ್ತಿ ಹೇಳಿದ್ದು ಐದನೇದಾಕಿ ಕೇಳಬೇಕೋ? ಬ್ಯಾಡಾದ್ರ ತವರಿಗೆ ಹೋಗಬಹುದೋ, ಗಂಡ ಮುಂದಿನ ಕುಸ್ತ್ಯಾಗ ಸೋತ್ರ ನಮ್ಮಲ್ಲಿ ಉಡಕಿ ಮಾಡ್ತಾರಲ್ಲ ಹಂಗ ಮತ್ತೊಬ್ಬನ ಕೂಡ ಹೋಗ್ತಾಳೋ? ಸೋತಾಂವನ ಮಕ್ಕಳು ಯಾರ ಪಾಲು? ಇಷ್ಟು ಗಟ್ಟಿ ಮಾಡ್ರಿ, ಆಮ್ಯಾಲ ಯಾರು ಮ್ಯಾಲ ಯಾರು ಕೆಳಗ ಅನ್ನೂದು ತಾನ ಬರತೈತಿ.

ಪ್ರಶ್ನೆ: ಹೆಂಗಸ್ರ ಆಳೋ ಬುಡಕಟ್ಟು ಖರೇನ ಅದಾವೇನ್ರಿ?
– ಓದುಗಳು, ಅಥಣಿ

ಉತ್ತರ: ನೀವು ಅನ್ಕೊಂಡಂಗ ಇಲ್ರಿ ಅಕ್ಕಾರ. ಮೇಘಾಲಯದ ಖಾಸಿ ಮಂದ್ಯಾಗ ಕುಲದ ಹೆಸರು ಅವ್ವಂದು, ಮನಿ ಕಿರೀ ಮಗಳಿಗೆ, ಆದ್ರ ಊರ ದರ್ಬಾರಿನಾಗ ಹಿಂದಿನಿಂದ ಕುಂತವ್ರು ಗಂಡಸ್ರ, ಮನ್ಯಾಗೂ ಸೋದರಮಾವನ ಮಾತಿಗೆ ವಜನ. ನಮ್ಮ ತುಳುನಾಡಿನ ಅಳಿಯಕಟ್ಟೂ ಹಂಗ, ಆಸ್ತಿ ಹೆಣ್ಣಿನ ಕಡಿಂದ ಇಳೀತಿತ್ತು, ಯಜಮಾನಿಕಿ ಬಹಳ ಸಲ ಮಾವಂದ.