ಪುನರ್ಪುಳಿ ಪಾನೀಯಕ್ಕೆ ಪೆಟ್ ಬಾಟಲಿ ಬಿಟ್ಟು ಮೆಕ್ಕೆಜೋಳದ ಪ್ಲಾಸ್ಟಿಕ್ ಬಾಟಲಿ ಬಳಸುವುದು ಒಳ್ಳೆಯದೇ?

ನಿಮ್ಮ ಪ್ರಶ್ನೆ ಓದಿದಾಗ ನನಗೆ ನನ್ನ ಮೊದಲ ವರ್ಷವೇ ನೆನಪಾಯಿತು. ಶಿರಸಿಯ ಹತ್ತಿರ ನಮ್ಮದೂ ಅದೇ ಹಣ್ಣಿನ ವ್ಯವಹಾರ. ಈ ಕಡೆ ಅದನ್ನು ಮುರುಗಲು ಎನ್ನುತ್ತೇವೆ.

ನಾನು ಆರಿಸಿಕೊಂಡದ್ದು ಬಣ್ಣವಿಲ್ಲದ ಪೆಟ್ ಬಾಟಲಿ, ಅಂದರೆ ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿಯ ಪ್ಲಾಸ್ಟಿಕ್‌ನದ್ದೇ; ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಅದರ ಮೈಗೆ ತೊಡಿಸಿದ ಹೊದಿಕೆಯಲ್ಲಿ. ಮುರುಗಲಿನ ಕೆಂಪು ಬಣ್ಣ ಬೆಳಕಿಗೆ ಮಾಸುತ್ತದೆ. ಅಂಗಡಿಯ ಮುಂದೆ ಬಿಸಿಲಿಗಿಟ್ಟ ಬಾಟಲಿಗಳು ಕಂದಾಗುವುದನ್ನು ಕಂಡು ಗಾಬರಿಯಾಗಿ, ಕತ್ತಿನಿಂದ ತಳದವರೆಗೆ ಬಿಗಿದುಕೊಳ್ಳುವ, ಹಣ್ಣಿನ ಚಿತ್ರ ಮುದ್ರಿಸಿದ, ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ಶ್ರಿಂಕ್ ಸ್ಲೀವ್ ಹಾಕಿಸಿದೆ. ಕಡಿಮೆ ಸಂಖ್ಯೆಯಲ್ಲಿ ಮುದ್ರಿಸಲಾಗದು ಎಂದದ್ದಕ್ಕೆ ಒಂದು ಲಕ್ಷ ಸ್ಲೀವ್ ತರಿಸಿದೆ. ಬಾಟಲಿಯ ತಳದಲ್ಲಿ ಪೆಟ್ ಎಂದು ಸೂಚಿಸುವ ತ್ರಿಕೋನ ಮತ್ತು 1 ಎಂಬ ಅಂಕಿ ಇದ್ದುದರಿಂದ, ಸ್ಲೀವಿನ ಮೇಲೆ ‘ಸಂಪೂರ್ಣ ಮರುಬಳಕೆಗೆ ಯೋಗ್ಯ’ ಎಂದೂ ಬರೆಸಿದ್ದೆ. ಅದನ್ನು ಮನಸಾರೆ ನಂಬಿಯೇ ಬರೆಸಿದ್ದೆ.

ಕೆಲವು ತಿಂಗಳ ನಂತರ ನಮ್ಮೂರಿನ ಗುಜರಿ ಅಂಗಡಿಯವರು ನನ್ನ ಬಾಟಲಿಗಳನ್ನಷ್ಟೇ ಬೇರೆ ಚೀಲಕ್ಕೆ ತುಂಬಿ ಮೂಲೆಗಿಟ್ಟಿದ್ದು ಕಣ್ಣಿಗೆ ಬಿತ್ತು. ಕೇಳಿದರೆ, ‘ಇದನ್ನು ಯಾರೂ ತಗೊಳ್ಳೋದಿಲ್ಲ’ ಎಂದರು. ಕಾರಣ ತಿಳಿಯಲು ಬಾಟಲಿ ಪುಡಿಮಾಡುವ ಘಟಕಕ್ಕೇ ಹೋದೆ. ಅಲ್ಲಿನ ಮೇಸ್ತ್ರಿ ಒಂದು ಹಿಡಿ ಚೂರನ್ನು ನೀರಿನ ಬಕೆಟ್ಟಿಗೆ ಹಾಕಿ ಕೈಯಾಡಿಸಿದರು. ಮುಚ್ಚಳದ ಚೂರುಗಳು ತೇಲಿದವು, ಬಾಟಲಿಯ ಚೂರುಗಳು ಮುಳುಗಿದವು, ಅವುಗಳ ಜೊತೆಗೇ ನನ್ನ ಸ್ಲೀವಿನ ಕೆಂಪು ಚೂರುಗಳೂ ತಳ ಸೇರಿದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ನಷ್ಟವೆಲ್ಲ ಇದರಲ್ಲೇ ಇದೆ. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ಆದ್ದರಿಂದ ತಾನಾಗಿ ಬೇರೆಯಾಗುತ್ತದೆ. ಪೆಟ್‌ನ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು; ಪಿವಿಸಿಯದ್ದೂ ಹೆಚ್ಚುಕಡಿಮೆ ಅಷ್ಟೇ, ಹೀಗಾಗಿ ನೀರು ಅವೆರಡನ್ನು ಬೇರ್ಪಡಿಸಲಾರದು. ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬಿಸಿಗೆ ಪಿವಿಸಿ ಸುಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಅದು ಪೆಟ್ ಅನ್ನು ಹಳದಿಯಾಗಿಸಿ ಬಲಗುಂದಿಸುತ್ತದೆ. ಒಂದು ಚಿಟಿಕೆ ಸೇರಿದರೂ ಇಡೀ ಕೊಪ್ಪರಿಗೆಯ ಮಾಲು ಕೆಡುತ್ತದೆ. ಆ ಘಟಕದಲ್ಲಿ ಇಬ್ಬರು ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ನನ್ನಂಥವರ ಬಾಟಲಿಗಳ ಸ್ಲೀವನ್ನು ಒಂದೊಂದಾಗಿ ಬ್ಲೇಡಿನಿಂದ ಸೀಳುತ್ತಿದ್ದರು. ಒಬ್ಬರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಉಳಿದ ಅರುವತ್ತು ಸಾವಿರ ಸ್ಲೀವ್ ಬಳಸಲು ಆಮೇಲೆ ನನಗೆ ಮನಸ್ಸಾಗಲಿಲ್ಲ. ಬಣ್ಣ ಉಳಿಸಿಕೊಳ್ಳಲು ಮುಚ್ಚಿದ ರಟ್ಟಿನ ಪೆಟ್ಟಿಗೆಯೇ ಸಾಕಾಗಿತ್ತು ಎಂಬುದೂ ಆಮೇಲೆಯೇ ತಿಳಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಾಟಲಿ ಯಾವುದರಿಂದ ಆಗಿದೆ ಎಂಬುದಕ್ಕಿಂತ ಮೊದಲು, ಖಾಲಿಯಾದ ಮೇಲೆ ಅದು ಯಾರ ಕೈ ಸೇರುತ್ತದೆ ಎಂದು ಕೇಳಿಕೊಳ್ಳಬೇಕು. ನೀವು ಹೇಳುವ ಮೆಕ್ಕೆಜೋಳದ ಪ್ಲಾಸ್ಟಿಕ್, ಅಂದರೆ ಪಿಎಲ್‌ಎ ಬಾಟಲಿ ತೋಟದ ಗೊಬ್ಬರ ಗುಂಡಿಯಲ್ಲಿ ಕೊಳೆಯುವುದಿಲ್ಲ. ಅದಕ್ಕೆ ವಾರಗಟ್ಟಲೆ ಸುಮಾರು 60 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕ ಬೇಕು. ಸಾಮಾನ್ಯ ಪಿಎಲ್‌ಎಗೆ ಬಿಸಿ ಪಾನೀಯ ತುಂಬಿದರೆ ಅದು ಸೊಟ್ಟಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಂಗಡಿಸುವವರ ಕೈಯಲ್ಲಿ ಅದು ಥೇಟ್ ಪೆಟ್‌ನಂತೆಯೇ ಕಾಣುತ್ತದೆ, ನೀರಿನಲ್ಲಿ ಪೆಟ್‌ನಂತೆಯೇ ಮುಳುಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ನೀವು ನನ್ನ ತಪ್ಪನ್ನು ಮತ್ತೆ ಮಾಡುತ್ತೀರಿ.

ಈಗ ನಾವು 200 ಮಿಲಿಯ ಗಾಜಿನ ಬಾಟಲಿಗೆ ಬಿಸಿಯಾಗಿಯೇ ತುಂಬುತ್ತೇವೆ. ಬಾಟಲಿಗೆ ಐದು ರೂಪಾಯಿ ಠೇವಣಿ. ತುಂಬಿದ ಕ್ರೇಟು ಇಳಿಸುವ ವ್ಯಾನೇ ಖಾಲಿ ಕ್ರೇಟು ಹೊತ್ತು ಬರುತ್ತದೆ. ಕಾಗದದ ಲೇಬಲ್ಲನ್ನು ಬಿಸಿನೀರಿಗೆ ಬಿಡುವ ಪಿಷ್ಟದ ಅಂಟಿನಿಂದ ಹಚ್ಚುತ್ತೇವೆ. ದಯವಿಟ್ಟು ನಿಮ್ಮದೇ ಆಕಾರದ ಬಾಟಲಿ ಮಾಡಿಸಬೇಡಿ. ಜರ್ಮನಿಯ ಖನಿಜಜಲ ಕಂಪನಿಗಳು 1969ರಿಂದ ಒಂದೇ ಮಾದರಿಯ 0.7 ಲೀಟರ್ ಬಾಟಲಿಯನ್ನು ಹಂಚಿಕೊಂಡು ಬಳಸುತ್ತಿವೆ; ಒಂದೊಂದು ಬಾಟಲಿ 50 ಸಲದವರೆಗೂ ತುಂಬಿಸಿಕೊಳ್ಳುತ್ತದೆ. ಆದರೆ ಗಾಜು ಭಾರ. ವ್ಯಾನು ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ದೂರಕ್ಕೆ ಮಾತ್ರ ಅದನ್ನು ಕಳಿಸುತ್ತೇವೆ. ಅದರಾಚೆಗೆ ಬಣ್ಣವಿಲ್ಲದ ಪೆಟ್, ಅದರ ಮೇಲೆ ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್‌ನ ಸಣ್ಣ ಲೇಬಲ್, ಅಷ್ಟೇ.

ಆರ್ಡರ್ ಕೊಡುವ ಮೊದಲು ಲೇಬಲ್, ಮುಚ್ಚಳ ಎಲ್ಲವೂ ಇರುವ ಹತ್ತು ಮಾದರಿ ಬಾಟಲಿಗಳನ್ನು ನಿಮ್ಮೂರಿನ ಗುಜರಿ ಅಂಗಡಿಗೆ ಒಯ್ದು, ಕಿಲೋಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ.