ಹುಟ್ಟಿನಿಂದಲೇ ಪಾಪಿಯಾದರೆ ಹೊಡೆದವನ ತಪ್ಪೇನು?

ಪ್ರಶ್ನೆ: ಗದ್ದೆಯ ಬದುವಿನ ವಿಷಯಕ್ಕೆ ನನ್ನ ಮೈದುನ ನನ್ನ ಗಂಡನ ಮೇಲೆ ಗುದ್ದಲಿ ಬೀಸಿದ, ಕೈ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಕ್ರೈಸ್ತ ಹಿರಿಯರೊಬ್ಬರು ‘ಮನುಷ್ಯರೆಲ್ಲ ಪಾಪಿಗಳಾಗಿಯೇ ಹುಟ್ಟುತ್ತಾರಮ್ಮ, ಕ್ಷಮಿಸಿಬಿಡಿ’ ಎಂದರು. ಹುಟ್ಟುಗುಣವೇ ಅದಾದರೆ ಹೊಡೆದವನ ತಪ್ಪೇನು? ಆರು ತಿಂಗಳ ನನ್ನ ಮೊಮ್ಮಗಳೂ ಪಾಪಿಯೇ? ಕೇಸು ವಾಪಸು ತೆಗೆದುಕೊಳ್ಳಿ ಎಂದು ಊರಿನವರೂ ಬೆನ್ನು ಹತ್ತಿದ್ದಾರೆ.
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಅಮ್ಮ, ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅರ್ಧವನ್ನಷ್ಟೇ ಹೇಳಿದರು, ಅದೂ ಹೇಳಬಾರದ ಹೊತ್ತಿನಲ್ಲಿ.

ಬೈಬಲಿನ ಮೊದಲ ಪುಸ್ತಕ ‘ಆದಿಕಾಂಡ’ದಲ್ಲಿ ಪಾಪದ ಕಥೆ, ಅಂದರೆ ಮೊದಲ ಮನುಷ್ಯ ಆದಾಮ ದೇವರ ಮಾತು ಮೀರಿದ ಕಥೆ, ಬರುವುದು ಮೂರನೆಯ ಅಧ್ಯಾಯದಲ್ಲಿ. ಅದಕ್ಕೂ ಮುಂಚೆ, ಮೊದಲ ಅಧ್ಯಾಯದಲ್ಲಿಯೇ, ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದೂ ಸೃಷ್ಟಿಯೆಲ್ಲ ಬಹಳ ಒಳ್ಳೆಯದಾಗಿತ್ತೆಂದೂ ಬರೆದಿದೆ. ಒಳ್ಳೆಯತನ ಮೊದಲು, ಕೇಡು ಆಮೇಲೆ. ಗದ್ದೆ ಒಂದು ಕಡೆಗೆ ವಾಲಿದ್ದರೆ ನೀರು ಅತ್ತಲೇ ಹರಿಯುತ್ತದೆ. ಹಾಗೆಂದು ಮಣ್ಣೇ ಕೆಟ್ಟದ್ದೆಂದು ನೀವು ಹೇಳುವುದಿಲ್ಲ. ಆ ಹಿರಿಯರ ಮಾತಿನ ಹಿಂದಿರುವ ‘ಜನ್ಮಪಾಪ’, ಅಂದರೆ ಹುಟ್ಟಿನಿಂದಲೇ ಬರುವ ಪಾಪ, ಇಂಥದೊಂದು ವಾಲು. ಅದರಿಂದ ಮನುಷ್ಯ ಎಷ್ಟು ಹಾಳಾಗಿದ್ದಾನೆ ಎಂಬ ಬಗ್ಗೆ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಮನುಷ್ಯಸ್ವಭಾವಕ್ಕೆ ಗಾಯವಾಗಿದೆ, ಪೂರ್ತಿ ಕೆಟ್ಟಿಲ್ಲ ಎನ್ನುತ್ತದೆ ಕಥೋಲಿಕ ಸಭೆ. ಲೂಥರ್, ಕ್ಯಾಲ್ವಿನ್ ಎಂಬ ಸುಧಾರಕರ ಪ್ರೊಟೆಸ್ಟೆಂಟ್ ಪರಂಪರೆಯವರ ಮಾತು ಇನ್ನೂ ಕಟುವಾಗಿದೆ. ನಾವು ಆದಾಮನಿಂದ ಪಡೆದದ್ದು ಸಾವು, ಅವನ ಅಪರಾಧವಲ್ಲ ಎಂಬುದು ಪೌರ್ವಾತ್ಯ ಆರ್ಥಡಾಕ್ಸ್ ಸಭೆಗಳ ನಿಲುವು.

ನಿಮ್ಮ ಮೊಮ್ಮಗಳ ವಿಷಯ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನರು, ಇನ್ನೂ ಮಾತು ಬಾರದ ಕೂಸೊಂದು ತನ್ನ ಜೊತೆಗೆ ಹಾಲು ಕುಡಿಯುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ದುರುಗುಟ್ಟಿ ನೋಡಿದ್ದನ್ನು ಬರೆದಿಟ್ಟರು. ಮಕ್ಕಳನ್ನು ಸಾಕಿದ ಯಾರಿಗೂ ಇದು ಹೊಸದಲ್ಲ. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲ ಎಂದ, ಅದೇ ಕಾಲದ ಸನ್ಯಾಸಿ ಪೆಲಾಗಿಯಸ್‌ನೊಂದಿಗೆ ಅವರು ವರ್ಷಗಟ್ಟಲೆ ವಾದ ಮಾಡಿದರು. 418ರಲ್ಲಿ ಕಾರ್ಥೇಜ್ ನಗರದಲ್ಲಿ ಸೇರಿದ ಬಿಷಪ್ಪರ ಸಭೆ ಅಗಸ್ಟೀನರ ಪರವಾಗಿ ನಿಂತಿತು. ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಇಲ್ಲದೆ ಸತ್ತ ಕೂಸುಗಳಿಗೂ ಸೌಮ್ಯವಾದ ದಂಡನೆಯುಂಟು ಎಂಬವರೆಗೆ ಅವರು ಹೋದದ್ದು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಅಂಥ ಮಕ್ಕಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿಯಾದ ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗವೇ ಹೇಳಿತು. ಜನ್ಮಪಾಪ ಯಾರೊಬ್ಬರ ಸ್ವಂತ ತಪ್ಪೂ ಅಲ್ಲವೆಂದು ಕಥೋಲಿಕ ಧರ್ಮೋಪದೇಶ ಸ್ಪಷ್ಟಪಡಿಸಿದೆ. ಆದ್ದರಿಂದ ಮಗುವಿನ ಮೇಲೆ ಯಾವ ದೂರೂ ಇಲ್ಲ.

ಮೈದುನನ ಲೆಕ್ಕ ಬೇರೆ. ಬೈಬಲಿನ ಮೊದಲ ಕೊಲೆ ನಡೆದದ್ದು ಹೊಲದಲ್ಲಿ, ಒಡಹುಟ್ಟಿದವರ ನಡುವೆ. ಕಾಯಿನ ಬೇಸಾಯಗಾರ, ತಮ್ಮ ಹೇಬೆಲ ಕುರಿ ಕಾಯುವವನು. ತಮ್ಮನ ಕಾಣಿಕೆಯನ್ನು ದೇವರು ಮೆಚ್ಚಿದ್ದು ಅಣ್ಣನಿಗೆ ಸಹಿಸಲಾಗಲಿಲ್ಲ. ಕೈ ಎತ್ತುವ ಮೊದಲೇ ದೇವರು ಕಾಯಿನನಿಗೆ ಎಚ್ಚರಿಕೆ ಕೊಡುತ್ತಾನೆ: ಪಾಪ ಬಾಗಿಲಲ್ಲಿ ಹೊಂಚು ಹಾಕಿದೆ, ನೀನು ಅದನ್ನು ಆಳಬೇಕು. ಆಳಬೇಕು ಎಂದ ಮೇಲೆ ಆಳಬಹುದು ಎಂದಾಯಿತಲ್ಲ! ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಒಳಗೆ ಸೆಳೆತವಿದ್ದದ್ದು ನಿಜ, ಗುದ್ದಲಿ ಎತ್ತಿದವನು ಅವನೇ. ‘ಹುಟ್ಟುಗುಣ’ ಎಂಬ ನೆಪ ಕಾಯಿನನಿಗೂ ಸಿಗಲಿಲ್ಲ, ಅವನಿಗೆ ಶಿಕ್ಷೆಯಾಯಿತು. ಆದರೆ ಅವನನ್ನು ಸಿಕ್ಕವರು ಕೊಲ್ಲದಂತೆ ದೇವರು ಗುರುತನ್ನೂ ಇಟ್ಟನು. ಕಾಯಿನನನ್ನು ಕೊಂದವನಿಗೆ ಏಳರಷ್ಟು ಪ್ರತಿದಂಡನೆ ಎಂದನು. ಅದೇ ಅಧ್ಯಾಯದ ಕೊನೆಯಲ್ಲಿ ಅವನ ವಂಶದ ಲೆಮೆಕ, ತನಗೆ ಗಾಯ ಮಾಡಿದವನನ್ನು ಕೊಂದೆನೆಂದೂ ತನ್ನ ಸೇಡು ಎಪ್ಪತ್ತೇಳರಷ್ಟು ಎಂದೂ ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ. ದಾಯಾದಿ ಜಗಳ ತಲೆಮಾರು ದಾಟಿ ಬಲಿಯುವ ಬಗೆ ನಮ್ಮ ಊರುಗಳವರಿಗೆ ಯಾರೂ ವಿವರಿಸಬೇಕಾಗಿಲ್ಲ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಎಪ್ಪತ್ತೇಳು ಎಂದದ್ದು ಲೆಮೆಕನ ಆ ಲೆಕ್ಕವನ್ನೇ ತಲೆಕೆಳಗು ಮಾಡಿ.

ಹಾಗಾದರೆ ಕ್ಷಮಿಸಿಬಿಡಬೇಕೇ? ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸುವಿನ ಮಾತಿನ ಅನುಕ್ರಮ ನೋಡಿ: ಸಹೋದರ ತಪ್ಪು ಮಾಡಿದರೆ ಅವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಗದರಿಕೆಯನ್ನು ನುಂಗಿ ಕ್ಷಮೆಯನ್ನು ಮಾತ್ರ ಏಟು ತಿಂದವರ ಮೇಲೆ ಹೇರುವುದು ನಮ್ಮ ಚರ್ಚುಗಳಲ್ಲೂ ನಡೆಯುತ್ತದೆ, ಊರಿನ ಪಂಚಾಯಿತಿಕಟ್ಟೆಯಲ್ಲೂ ನಡೆಯುತ್ತದೆ. ‘ಎಲ್ಲರೂ ಪಾಪಿಗಳು’ ಎಂಬುದು ಪ್ರತಿಯೊಬ್ಬನೂ ತನ್ನ ಎದೆ ಮುಟ್ಟಿಕೊಂಡು ಹೇಳಬೇಕಾದ ಮಾತು. ಬ್ಯಾಂಡೇಜು ಕಟ್ಟಿಕೊಂಡು ಮಲಗಿದವನ ಬಾಯಿ ಮುಚ್ಚಿಸಲು ಅದನ್ನು ಬಳಸಬಾರದು. ನಿಮ್ಮ ಗಂಡನ ಮನಸ್ಸಿನಲ್ಲಿ ಸೇಡು ಇದ್ದರೆ, ನೀವು ಹಿಂದೂಗಳಾಗಿರಲಿ ಕ್ರೈಸ್ತರಾಗಿರಲಿ, ಅದನ್ನು ಬಿಡಿಸುವ ಪ್ರಯತ್ನ ಮಾಡಿ. ಮುಂದಿನ ಗುದ್ದಲಿ ಅಲ್ಲಿಂದಲೇ ಏಳುತ್ತದೆ. ಸೇಡು ಬಿಟ್ಟವರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೇಸಿನ ಬಗ್ಗೆ ವಕೀಲರನ್ನು ಕೇಳಿ, ಊರಿನವರನ್ನಲ್ಲ. ಬದು ಯಾರದೆಂದು ತಿಳಿಯಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಿ. ಆ ಕೆಲಸ ದೈವಶಾಸ್ತ್ರದಿಂದ ಆಗುವುದಿಲ್ಲ.