ಚಿಕ್ಕ ಕೋಣೆಗೆ ಸ್ಟುಡಿಯೋ ಮಾನಿಟರ್: 5 ಇಂಚೋ, 8 ಇಂಚೋ?

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ಹಗಲು ಅಲ್ಲೇ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡಬೇಕು, ರಾತ್ರಿ ಅಲ್ಲೇ ಕೂತು ಬೇರೆಯವರ ಹಾಡು ಕೇಳಬೇಕು. ಎರಡಕ್ಕೂ ಒಂದೇ ಜೋಡಿ ಪವರ್ಡ್ ಮಾನಿಟರ್ (ಆಂಪ್ಲಿಫೈಯರ್ ಒಳಗೇ ಇರುವ, ರೆಕಾರ್ಡಿಂಗ್ ಕೆಲಸದ ಸ್ಪೀಕರ್) ಸಾಕಾ? ಕೆಳಗಿನ ದಪ್ಪ ಸದ್ದು, ಅಂದರೆ ಬೇಸ್, ಹೊರಡಿಸುವ ವೂಫರ್ 5 ಇಂಚಿನದ್ದಾ, 8 ಇಂಚಿನದ್ದಾ? ಮಾನಿಟರಿನಲ್ಲಿ ಹಾಡು ಸಪ್ಪೆ ಅನಿಸುತ್ತದಂತೆ, ನಿಜವಾ? ನೀವು ಕೇಳಿದ್ದು ಇಷ್ಟು ಅಲ್ವಾ.

ಒಂದೇ ಜೋಡಿ ಧಾರಾಳ ಸಾಕು. 5 ಇಂಚಿನದ್ದೇ ತಗೊಳ್ಳಿ. 8 ಇಂಚಿಗೆ ಕೊಡಬೇಕಿದ್ದ ದುಡ್ಡಿನಲ್ಲಿ ಉಳಿದದ್ದನ್ನು ಕೋಣೆಗೆ ಹಾಕಿ. ಯಾವ ಮಾಡೆಲ್ ಅನ್ನುವುದಕ್ಕಿಂತ ಅದನ್ನು ಎಲ್ಲಿ ಇಡುತ್ತೀರಿ, ನೀವು ಎಲ್ಲಿ ಕೂರುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ.

ನನ್ನ ಕೋಣೆಯೂ ಹೆಚ್ಚುಕಡಿಮೆ ನಿಮ್ಮದರಷ್ಟೇ, ಉದ್ದ 3.5 ಮೀಟರ್. ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡು ಮೊದಲು 8 ಇಂಚಿನ ಜೋಡಿ ತಂದೆ. ಕುರ್ಚಿ ಕೋಣೆಯ ಸರಿಯಾಗಿ ನಡುವೆ ಇತ್ತು. ಮಿಕ್ಸ್ ಮಾಡುವಾಗ ಬೇಸ್ ಗಿಟಾರ್ ಯಾವಾಗಲೂ ಕಡಿಮೆ ಅನಿಸುತ್ತಿತ್ತು, ಏರಿಸುತ್ತಾ ಹೋದೆ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗಡಗಡ ನಡುಗುತ್ತಿತ್ತು, ಹಾಡುವವರ ದನಿ ಬೇಸಿನ ಕೆಳಗೆ ಹೂತು ಹೋಗುತ್ತಿತ್ತು. ಸ್ಪೀಕರೇ ಸರಿಯಿಲ್ಲ ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡಿದೆ.

ಆಮೇಲೆ ಗೆಳೆಯರೊಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ಕಂಪ್ಯೂಟರಿನಿಂದ 49 ಹರ್ಟ್ಸಿನ (ಸೆಕೆಂಡಿಗೆ 49 ಸಲ ಕಂಪಿಸುವ) ಒಂದೇ ಸ್ವರವನ್ನು ಸಣ್ಣಗೆ ಹಾಕಿ, ಎದ್ದು ಓಡಾಡು ಅಂದರು. ಕುರ್ಚಿಯಲ್ಲಿ ಕೂತಾಗ ಏನೂ ಕೇಳಿಸಲಿಲ್ಲ. ಎದ್ದು ಎರಡು ಹೆಜ್ಜೆ ಹಿಂದೆ ಹೋದೆ, ಸದ್ದು ಶುರುವಾಯಿತು. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಎದೆ ತುಂಬುವಷ್ಟು ಗುಂಯ್ ಅನ್ನುತ್ತಿತ್ತು, ಬೀರುವಿನ ಗಾಜು ಕೂಡ ಅದುರುತ್ತಿತ್ತು. ವಾಲ್ಯೂಮ್ ಮುಟ್ಟಿಯೇ ಇರಲಿಲ್ಲ. ಮತ್ತೆ ಬಂದು ಕೂತೆ, ಸದ್ದು ಮಾಯ.

ಲೆಕ್ಕ ಸುಲಭ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 49 ಹರ್ಟ್ಸಿನ ಒಂದು ಅಲೆ 7 ಮೀಟರ್ ಉದ್ದ. ಅದರ ಅರ್ಧ 3.5 ಮೀಟರ್, ಅಂದರೆ ನನ್ನ ಕೋಣೆಯ ಉದ್ದ. ಹೀಗೆ ಕೂಡಿಬಂದಾಗ ಎರಡೂ ಗೋಡೆಗಳ ಹತ್ತಿರ ಸದ್ದು ಉಬ್ಬುತ್ತದೆ, ಸರಿಯಾಗಿ ನಡುವೆ ಕುಸಿಯುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಬರುವ ಜಿ ಸ್ವರ ಕೂಡ 49 ಹರ್ಟ್ಸೇ. ನನ್ನ ಕುರ್ಚಿಯಲ್ಲಿ ಆ ಒಂದು ಸ್ವರ ಮಾತ್ರ ಬಡಕಲಾಗಿತ್ತು, ಅಕ್ಕಪಕ್ಕದವು ಚೆನ್ನಾಗಿಯೇ ಇದ್ದವು. ಇದನ್ನು ಈಕ್ವಲೈಜರಿನಿಂದ (ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ತುಂಬಿಸಲು ಆಗುವುದಿಲ್ಲ, ಎಷ್ಟು ಸುರಿದರೂ ಅಲ್ಲಿ ಕಳೆದೇ ಹೋಗುತ್ತದೆ. ಎಷ್ಟೇ ದುಬಾರಿ ಸ್ಪೀಕರ್ ತಂದರೂ ಅಷ್ಟೇ. ಕುರ್ಚಿಯನ್ನು ಮುಂದಿನ ಗೋಡೆಯಿಂದ 1.3 ಮೀಟರಿಗೆ ಸರಿಸಿದೆ. ಜಿ ವಾಪಸ್ ಬಂತು. ಅವತ್ತು ನನಗಾದ ಖುಷಿ ಹೊಸ ಸ್ಪೀಕರ್ ತಂದ ದಿನವೂ ಆಗಿರಲಿಲ್ಲ.

ಕೋಣೆಯ ಉದ್ದದ ಸುಮಾರು 38 ಪರ್ಸೆಂಟ್ ದೂರದಲ್ಲಿ, ಮುಂದಿನ ಗೋಡೆಯಿಂದ ಅಳೆದು, ಕೂರಿ ಅನ್ನುವುದು ಈ ಕೆಲಸದವರು ಬಳಸುವ ಲೆಕ್ಕ. ನಿಮ್ಮ ಹನ್ನೆರಡು ಅಡಿಗೆ ಅದು ನಾಲ್ಕೂವರೆ ಅಡಿ ಆಗುತ್ತದೆ. ಅದನ್ನೇ ಹಿಡಿದುಕೊಳ್ಳಬೇಕಿಲ್ಲ. ಅಲ್ಲಿಂದ ಶುರುಮಾಡಿ, ಹಿಂದೆ ಮುಂದೆ ಒಂದು ಗೇಣು ಸರಿದು ಕೇಳಿ ನೋಡಿ.

ಈಗ 8 ಇಂಚು ಯಾಕೆ ಬೇಡ ಅಂದೆ ಅಂತ ನೋಡಿ. ಯಮಹಾ ಎಚ್‌ಎಸ್‌5 ಅನ್ನುವ 5 ಇಂಚಿನ ಮಾನಿಟರ್ ಕೆಳಗೆ 54 ಹರ್ಟ್ಸಿನವರೆಗೆ ಹೋಗುತ್ತದೆ, 8 ಇಂಚಿನ ಎಚ್‌ಎಸ್‌8 38ರವರೆಗೆ. ಚಿಕ್ಕ ಕೋಣೆ ಅತಿಹೆಚ್ಚು ತೊಂದರೆ ಕೊಡುವುದು ಆ ಕೆಳಗಿನ ಜಾಗದಲ್ಲೇ. ಪಳಗಿಸದ ಕೋಣೆಯಲ್ಲಿ ಅಷ್ಟು ಕೆಳಗಿನ ಬೇಸ್ ಸಿಕ್ಕರೆ ಅದರಿಂದ ಸಿಗುವ ಮಾಹಿತಿಗಿಂತ ಗೊಂದಲವೇ ಜಾಸ್ತಿ. ಇನ್ನೊಂದು, ದೊಡ್ಡ ಮಾನಿಟರಿನಲ್ಲಿ ವೂಫರ್ ಮತ್ತು ಮೇಲಿನ ತೆಳು ಸದ್ದಿನ ಟ್ವೀಟರ್ ದೂರ ದೂರ ಇರುತ್ತವೆ. ಒಂದು ಮೀಟರಿನಲ್ಲಿ ಕೂತರೆ ಎರಡರ ಸದ್ದು ಚೆನ್ನಾಗಿ ಬೆರೆಯುವುದಿಲ್ಲ. ದೊಡ್ಡ ಹಾಲ್ ಥರದ ಜಾಗದಲ್ಲಿ ಮೂರು ಮೀಟರ್ ದೂರದಿಂದ ಕೇಳುವವರಾಗಿದ್ದರೆ ನಾನೇ 8 ಇಂಚು ತಗೊಳ್ಳಿ ಅನ್ನುತ್ತಿದ್ದೆ. ತೀರಾ ಕೆಳಗಿನ ಬೇಸನ್ನು ಪರೀಕ್ಷೆ ಮಾಡೋದಕ್ಕೆ ಒಂದು ಒಳ್ಳೆಯ ಹೆಡ್‌ಫೋನ್ ಇಟ್ಟುಕೊಳ್ಳಿ.

ಅಂಗಡಿಯ ವಿವರಗಳನ್ನು ಓದುವಾಗ ಒಂದು ಎಚ್ಚರ. ಎಚ್‌ಎಸ್‌5ರ ಆ 54 ಹರ್ಟ್ಸ್ ಅನ್ನುವುದು ಸದ್ದು 10 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಇಳಿದ ಮೇಲಿನ ಲೆಕ್ಕ. 3 ಡೆಸಿಬಲ್ ಇಳಿಯುವ ಜಾಗ ನೋಡಿದರೆ ಅದು 74 ಹರ್ಟ್ಸ್. ಜೆಬಿಎಲ್ 305ಪಿ ಮಾರ್ಕ್ 2ಗೆ ಇದೇ ಅಂಕಿಗಳು 43 ಮತ್ತು 49. ಎರಡೂ 5 ಇಂಚಿನವೇ, ಆದರೂ ಬೇಸಿನಲ್ಲಿ ಎಷ್ಟು ವ್ಯತ್ಯಾಸ ನೋಡಿ. ಹೋಲಿಸುವಾಗ ಒಂದೇ ಬಗೆಯ ಅಂಕಿಯನ್ನು ಹೋಲಿಸಿ. ವ್ಯಾಟ್ ಹಿಂದೆ ಓಡಬೇಡಿ. ವ್ಯಾಟ್ ಎರಡು ಪಟ್ಟಾದರೂ ಸದ್ದು ಏರುವುದು 3 ಡೆಸಿಬಲ್ ಅಷ್ಟೇ. ಹಾಂ, ಬಹಳಷ್ಟು ಮಾನಿಟರುಗಳಿಗೆ ಹಾಕಿರುವ ಬೆಲೆ ಒಂದಕ್ಕೆ, ಜೋಡಿಗಲ್ಲ. ಇದನ್ನು ಮೊದಲೇ ವಿಚಾರಿಸಿ.

ಪವರ್ಡ್ ಅಂದರೆ ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೇ ಇರುತ್ತದೆ. ಸಾಮಾನ್ಯವಾಗಿ ವೂಫರಿಗೆ ಒಂದು, ಟ್ವೀಟರಿಗೆ ಇನ್ನೊಂದು. ಯಾವುದಕ್ಕೆ ಎಷ್ಟು ಬೇಕು ಅಂತ ತಯಾರಿಸಿದವರೇ ಹೊಂದಿಸಿಟ್ಟಿರುತ್ತಾರೆ, ನೀವು ಬೇರೆ ಆಂಪ್ಲಿಫೈಯರ್ ಹುಡುಕುವ ತಲೆನೋವು ಇಲ್ಲ. ಆದರೆ ಒಳಗೆ ಆಂಪ್ಲಿಫೈಯರ್ ಇರುವುದರಿಂದ ಹಾಡು ನಿಂತಾಗ ಟ್ವೀಟರಿನಿಂದ ಸಣ್ಣಗೆ ಸುಯ್ ಅನ್ನುವ ಸದ್ದು ಬರಬಹುದು. ರಾತ್ರಿ ಹೊತ್ತು, ಒಂದು ಮೀಟರ್ ದೂರದಲ್ಲಿ ಮೆಲ್ಲಗೆ ಹಾಡು ಕೇಳುವ ನಿಮಗೆ ಇದು ಮುಖ್ಯ. ಕೊಳ್ಳುವಾಗ ಏನೂ ಹಾಡಿಸದೆ ಸುಮ್ನೆ ಆನ್ ಮಾಡಿ, ಕುರ್ಚಿಯಷ್ಟು ದೂರದಲ್ಲಿ ನಿಂತು ಕೇಳಿ. ಅಂಗಡಿಯಲ್ಲಿ ಗದ್ದಲ ಇದ್ದರೆ ಇದು ಗೊತ್ತಾಗುವುದಿಲ್ಲ, ವಾಪಸ್ ತಗೊಳ್ಳುತ್ತಾರಾ ಕೇಳಿಟ್ಟುಕೊಳ್ಳಿ.

ಇನ್ನು ಸಪ್ಪೆ ಅನ್ನುವ ಮಾತು. ಮನೆಗೆ ಅಂತ ಮಾಡುವ ಎಷ್ಟೋ ಸ್ಪೀಕರುಗಳಲ್ಲಿ ಬೇಸ್ ಮತ್ತು ಮೇಲಿನ ಮಿಂಚು ಸ್ವಲ್ಪ ಎತ್ತಿರುತ್ತಾರೆ. ಕಿವಿ ಅದಕ್ಕೇ ಹೊಂದಿಕೊಂಡಿರುತ್ತದೆ. ಮಾನಿಟರಿಗೆ ಬಂದ ಮೊದಲ ವಾರ ಏನೋ ಕಮ್ಮಿ ಅನಿಸುವುದು ನಿಜ. ಎರಡು ಮೂರು ವಾರ ಬಿಡಿ, ಕೆಲಸ ಇಲ್ಲದಾಗಲೂ ಅದರಲ್ಲೇ ಕೇಳಿ. ನೂರು ಸಲ ಕೇಳಿದ ಹಾಡಿನಲ್ಲಿ ಹಾಡುವವರು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಎರಡನೇ ಗಿಟಾರ್ ಎಡಗಡೆ ಎಲ್ಲಿ ಕೂತಿದೆ ಅಂತ ಬೆರಳು ತೋರಿಸಬಹುದು. ನನಗಂತೂ ಹಳೆಯ ಸ್ಪೀಕರಿಗೆ ವಾಪಸ್ ಹೋಗಲು ಮನಸ್ಸೇ ಬರಲಿಲ್ಲ. ಮನೆ ಮತ್ತು ಸ್ಟುಡಿಯೋ ನಡುವಿನ ಗೆರೆ ಅಷ್ಟು ಗಟ್ಟಿಯೂ ಅಲ್ಲ. ಬಿಳಿ ವೂಫರಿನ ಯಮಹಾ ಎನ್‌ಎಸ್-10 1978ರಲ್ಲಿ ಬಂದದ್ದು ಮನೆಯ ಸ್ಪೀಕರ್ ಆಗಿ. ಮಿಕ್ಸ್ ಮಾಡುವವರು ಅದನ್ನು ಎತ್ತಿಕೊಂಡು ಹೋಗಿ ಮಿಕ್ಸಿಂಗ್ ಕನ್ಸೋಲ್ ಮೇಲೆ ಇಟ್ಟುಕೊಂಡರು. ದನಿ ಮತ್ತು ಗಿಟಾರ್ ಇರುವ ನಡುವಿನ ಭಾಗವನ್ನು ಅದು ಮುಚ್ಚುಮರೆ ಇಲ್ಲದೆ ತೋರಿಸುತ್ತಿತ್ತು. 2001ರಲ್ಲಿ ನಿಲ್ಲಿಸುವ ತನಕವೂ ಅದು ಲೆಕ್ಕವಿಲ್ಲದಷ್ಟು ಸ್ಟುಡಿಯೋಗಳಲ್ಲಿ ಇತ್ತು.

ಇಡುವ ರೀತಿ ಹೀಗೆ. ಮೇಜನ್ನು ಚಿಕ್ಕ ಗೋಡೆಯ ನಡುವಿಗೆ ತನ್ನಿ. ಎರಡೂ ಪಕ್ಕದ ಗೋಡೆ ಸಮ ದೂರದಲ್ಲಿರಲಿ, ಮೂಲೆಗೆ ಬೇಡ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು, ಒಂದು ಮೀಟರಿನಷ್ಟು ಸಾಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ.

ಗೋಡೆಯಿಂದ ಒಂದು ಮೀಟರ್ ಮುಂದೆ ಎಳೆದಿಡಿ ಅಂತ ಕೆಲವರು ಹೇಳುತ್ತಾರೆ. ಚಿಕ್ಕ ಕೋಣೆಯಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ಸ್ಪೀಕರಿನ ಮುಂದಿನಿಂದ ಬರುವ ಸದ್ದನ್ನು ಒಂದು ಜಾಗದಲ್ಲಿ ಕಡಿದು ಹಳ್ಳ ಮಾಡುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಒಂದು ಮೀಟರ್ ಇದ್ದರೆ ಆ ಹಳ್ಳ 86 ಹರ್ಟ್ಸಿನ ಹತ್ತಿರ ಬೀಳುತ್ತದೆ, ಬೇಸಿನ ಮೈಕಟ್ಟು ಇರುವ ಜಾಗದಲ್ಲೇ. ಅದರ ಬದಲು ಹಿಂದೆ ಅರ್ಧ ಗೇಣು ಮಾತ್ರ ಬಿಟ್ಟು ಇಡಿ. ಮುಖ 35 ಸೆಂಟಿಮೀಟರಿಗೆ ಬಂದರೆ ಹಳ್ಳ 245 ಹರ್ಟ್ಸಿಗೆ ಹತ್ತುತ್ತದೆ, ಅಲ್ಲಿ ಅದನ್ನು ಸದ್ದು ಹೀರುವ ದಪ್ಪ ಪ್ಯಾನೆಲ್‌ನಿಂದ ತಗ್ಗಿಸುವುದು ಸುಲಭ. ಗೋಡೆಯ ಹತ್ತಿರ ಬೇಸ್ ಉಬ್ಬುವುದು ಹೌದು. ಅದಕ್ಕೇ ಹಿಂದುಗಡೆ ಸ್ವಿಚ್ ಕೊಟ್ಟಿರುತ್ತಾರೆ. ಎಚ್‌ಎಸ್‌5ರಲ್ಲಿ ರೂಮ್ ಕಂಟ್ರೋಲ್ ಅಂತ ಇದೆ, 500 ಹರ್ಟ್ಸಿನ ಕೆಳಗೆ 2 ಅಥವಾ 4 ಡೆಸಿಬಲ್ ಇಳಿಸಬಹುದು. ಕಾಲಿ ಕಂಪನಿಯ ಎಲ್‌ಪಿ-6ರಲ್ಲಂತೂ ಗೋಡೆ ಹತ್ತಿರ, ಮೇಜಿನ ಮೇಲೆ, ಹೀಗೆ ಜಾಗಕ್ಕೆ ತಕ್ಕಂತೆ ಸ್ವಿಚ್ಚುಗಳಿವೆ.

ಉಳಿದ ದುಡ್ಡು ಕಲ್ಲಿನ ನಾರಿನಿಂದ ಮಾಡಿದ ದಪ್ಪ ರಾಕ್‌ವೂಲ್ ಪ್ಯಾನೆಲ್ಲಿಗೆ ಹೋಗಲಿ, ಕನಿಷ್ಠ 10 ಸೆಂಟಿಮೀಟರ್ ದಪ್ಪದ್ದು. ತೆಳು ಫೋಮ್ ಅಂಟಿಸಿದರೆ ಮೇಲಿನ ಸದ್ದು ಮಾತ್ರ ಸಾಯುತ್ತದೆ, ಬೇಸ್ ಹಾಗೇ ಉಳಿದು ಕೋಣೆ ಇನ್ನೂ ಮಂಕಾಗುತ್ತದೆ. ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಪ್ಯಾನೆಲ್ ಅಲ್ಲಿಗೆ.

ಜೋಡಿಗಳನ್ನು ಹೋಲಿಸುವಾಗ ಎರಡರ ವಾಲ್ಯೂಮನ್ನೂ ಸಮ ಮಾಡಿ ಕೇಳಿ. ಒಂಚೂರು ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಸದ್ದು ಏರಿದಂತೆ ಕಿವಿಗೆ ಬೇಸ್ ಹೆಚ್ಚು ಕೇಳಿಸುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಕೆಲಸ ಮಾಡುವಾಗಲೂ ಪಕ್ಕದಲ್ಲಿರುವವರ ಜೊತೆ ದನಿ ಏರಿಸದೆ ಮಾತಾಡುವಷ್ಟು ಸದ್ದು ಸಾಕು. 85 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ, 88ಕ್ಕೆ 4 ಗಂಟೆ, ಇದು ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳಿರುವ ಮಿತಿ. ಕಿವಿ ಹೋದರೆ ಯಾವ ಮಾನಿಟರೂ ಉಪಯೋಗಕ್ಕೆ ಬರುವುದಿಲ್ಲ, ದಯವಿಟ್ಟು ನೋಡಿಕೊಳ್ಳಿ.

ಕೇಬಲ್ ವಿಷಯ ಚಿಕ್ಕದು. ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಇರುವ ಆಡಿಯೋ ಇಂಟರ್‌ಫೇಸಿನಿಂದ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ತಡೆಯುವಂಥದ್ದು) ಎಳೆಯಿರಿ, ಗುಂಯ್‌ಗುಡುವ ಕಾಟ ಬಹುಪಾಲು ತಪ್ಪುತ್ತದೆ. ಆನ್ ಮಾಡುವಾಗ ಮಾನಿಟರ್ ಕೊನೆಗೆ, ಆಫ್ ಮಾಡುವಾಗ ಮೊದಲು.

ಸಬ್‌ವೂಫರ್ (ಬೇಸಿಗೆಂದೇ ಇರುವ ಬೇರೆ ಪೆಟ್ಟಿಗೆ) ಈಗಲೇ ಬೇಡ. ಅಳೆಯುವ ಮೈಕ್ ಒಂದು ಸಿಕ್ಕರೆ ರೂಮ್ ಈಕ್ಯೂ ವಿಜರ್ಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ನಿಮ್ಮ ಕೋಣೆ ಏನು ಮಾಡುತ್ತಿದೆ ಅಂತ ಕಣ್ಣಾರೆ ನೋಡಬಹುದು. ಸದ್ಯಕ್ಕೆ ಒಂದು ಟೇಪ್ ಹಿಡಿದು ಕೋಣೆಯ ಸರಿಯಾದ ಉದ್ದ, ಅಗಲ, ಎತ್ತರ ಅಳೆದು ಇಲ್ಲಿ ಬರೆಯಿರಿ. ಮಂಚ, ಬೀರು, ಕಿಟಕಿ ಎಲ್ಲಿವೆ ಅನ್ನುವುದನ್ನೂ ಹೇಳಿ. ಕುರ್ಚಿ ಎಲ್ಲಿಡಬೇಕು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.